ಅಳುವ ಹಕ್ಕು

ಚನ್ನಪಟ್ಟಣ ತಾಲ್ಲೂಕಿನ ದಶವಾರ ಒಂದು ಹಳ್ಳಿ. 2025ರ ಜುಲೈ ತಿಂಗಳಲ್ಲಿ ಆ ಊರಿನ ಮಗಳೊಬ್ಬರು ಕೊನೆಯ ಬಾರಿ ಅಲ್ಲಿಗೆ ಹಿಂದಿರುಗಿದರು. 1955ರ ‘ಮಹಾಕವಿ ಕಾಳಿದಾಸ’ದಿಂದ ಚಿತ್ರರಂಗಕ್ಕೆ ಬಂದು, ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕು ಭಾಷೆಗಳಲ್ಲಿಯೂ ಹೆಸರಾದ ಬಿ. ಸರೋಜಾದೇವಿಯವರು 14ನೆಯ ತಾರೀಖು ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ದಶವಾರದಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲಿ, ಸರ್ಕಾರಿ ಗೌರವದೊಡನೆ ಮಣ್ಣಾದರು.

ಅವರನ್ನು ಒಮ್ಮೆಯೂ ಎದುರಿಗೆ ಕಾಣದವರು ಕೂಡ ಅಂದು ಕಣ್ಣೊರೆಸಿಕೊಂಡರು. ನಮ್ಮ ಹೆಸರನ್ನೇ ಅರಿಯದವರಿಗಾಗಿ ನಾವು ಅಳುವುದು ಯಾವ ಹಕ್ಕಿನಿಂದ?

ಅಲ್ಲಿಂದ ಹತ್ತಿರದಲ್ಲೇ ರಾಮನಗರದ ರಾಮದೇವರ ಬೆಟ್ಟವಿದೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಊರು ಅದು. ಬಂದವರು ಇಂದಿಗೂ ಕೇಳುವುದು, ಗಬ್ಬರ್ ನಿಂತ ಬಂಡೆ ಯಾವುದೆಂದು. ಠಾಕೂರನಾದ ಸಂಜೀವ್ ಕುಮಾರ್ 1985ರಲ್ಲಿ, ಗಬ್ಬರನಾದ ಅಮ್ಜದ್ ಖಾನ್ 1992ರಲ್ಲಿ, ವೀರೂ ಆದ ಧರ್ಮೇಂದ್ರ 2025ರಲ್ಲಿ ತೀರಿಕೊಂಡರು. ಆದರೆ ಗಬ್ಬರನ ನಗುವಿಗೆ ಏನೂ ಆಗಿಲ್ಲ. ಮಾಗಡಿಯ ಸಾವನದುರ್ಗದ ಬಂಡೆಗಳನ್ನು ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಆರಿಸಿಕೊಂಡ ಡೇವಿಡ್ ಲೀನ್ 1991ರಲ್ಲಿ ಹೋದ. ನಟನ ಬಂಡೆಯನ್ನು ಹುಡುಕುವವರುಂಟು. ಆ ಬಂಡೆಯನ್ನು ಮೊದಲು ಕಂಡ ನಿರ್ದೇಶಕನ ಕಣ್ಣನ್ನು ನೆನೆಯುವವರು ಕಡಮೆ.

ಹಾಗಾದರೆ ನಮ್ಮದಾಗಿದ್ದುದು ನಮ್ಮಲ್ಲೇ ಉಳಿದಿದೆ; ಹೋದದ್ದು ಎಂದೂ ನಮ್ಮದಾಗಿರಲಿಲ್ಲ. ಹೋದವರು ಒಬ್ಬ ತಾಯಿ, ಒಬ್ಬ ತಂದೆ, ಒಬ್ಬ ಸ್ನೇಹಿತ. ಆ ನಷ್ಟ ಮನೆಯವರದು. ನಮ್ಮ ಕಣ್ಣೀರು ಹಾಗಾದರೆ ಸುಳ್ಳೇ? ಅಲ್ಲ. ಅದು ನಷ್ಟದ ಕಣ್ಣೀರಲ್ಲ, ಋಣದ ಕಣ್ಣೀರು. 1961ರ ‘ಕಿತ್ತೂರು ಚೆನ್ನಮ್ಮ’ವನ್ನು ಕಂಡ ಎಷ್ಟೋ ಜನರಿಗೆ ರಾಣಿಯೆಂದರೆ ಸರೋಜಾದೇವಿಯವರ ಮುಖವೇ. ಟಿಕೆಟ್ಟಿನ ಹಣ ಚಿತ್ರಮಂದಿರದ ಲೆಕ್ಕವನ್ನು ತೀರಿಸಿತು. ಅರವತ್ತು ವರ್ಷ ಮನಸ್ಸಿನಲ್ಲಿ ನಿಂತ ಮುಖಕ್ಕೆ ಬೆಲೆ ಕೊಟ್ಟವರು ಯಾರು?

ಋಣವನ್ನು ಹಕ್ಕೆಂದು ತಿಳಿದಾಗ ಅನರ್ಥವಾಗುತ್ತದೆ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು ತೂರಿದರು, ವಾಹನಗಳನ್ನು ಸುಟ್ಟರು. ಪೋಲೀಸಿನವನೊಬ್ಬನೂ ಸೇರಿ ಹಲವರ ಪ್ರಾಣ ಹೋಯಿತು. ದುಃಖ ನಿಜವಾದುದೇ ಇರಬಹುದು. ಆದರೆ ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯನ ಮನೆಯವರಿಗೆ, ಆ ದೇವರುಗಳು ಸಮಾಧಾನವಾಗಿ ಅಳಲು ಒಂದು ದಿನವನ್ನಾದರೂ ಬಿಟ್ಟುಕೊಡಬಾರದಾಗಿತ್ತೆ? 2021ರಲ್ಲಿ ಮಗ ಪುನೀತ್ ತೀರಿಕೊಂಡಾಗ ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣದಲ್ಲಿ ಸಾಲುಗಟ್ಟಿ ನಡೆದು ಕೈಮುಗಿದರು. ಹದಿನೈದು ವರ್ಷದಲ್ಲಿ ನಾವು ಏನನ್ನೋ ಕಲಿತಿರಬೇಕು.

ಹೋದವರು ಮಾತ್ರ ಮೊದಲೇ ಕಲಿತಿದ್ದರು. ರಾಜ್‌ಕುಮಾರ್ ನೇತ್ರದಾನ ಮಾಡಿದರು. ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಸರೋಜಾದೇವಿಯವರೂ ಕಣ್ಣುಗಳನ್ನು ಕೊಟ್ಟುಹೋದರು. ಜೀವಮಾನವೆಲ್ಲ ನಮ್ಮ ಕಣ್ಣಿಗಾಗಿ ದುಡಿದವರು ಕೊನೆಗೆ ತಮ್ಮ ಕಣ್ಣನ್ನೂ ಕೊಟ್ಟರು.

ದಶವಾರದಲ್ಲಿ ತಾಯಿಯ ಪಕ್ಕದಲ್ಲಿ ಮಲಗಿದವರು ಅವರ ಮನೆಯವರಿಗೆ, ಊರಿಗೆ ಸೇರಿದವರು. ನಮ್ಮ ಪಾಲಿಗೆ ಬಂದಿರುವುದು ಋಣ. ಅಳುವುದು ತಪ್ಪಲ್ಲ. ಆದರೆ ಅತ್ತು ಮುಗಿದ ಮೇಲೆ, ನೇತ್ರದಾನದ ಕಾಗದಕ್ಕೆ ಒಂದು ರುಜು ಹಾಕಿದರೆ ಆ ಋಣದ ಬಡ್ಡಿಯಾದರೂ ಸಂದೀತು.