ಮೊದಲು ಎತ್ತಿಕೊಂಡ ಕೈ

2018ರ ಡಿಸೆಂಬರ್ 25. ಟಿವಿಯಲ್ಲಿ ಸೂಲಗಿತ್ತಿ ನರಸಮ್ಮ ತೀರಿಕೊಂಡ ಸುದ್ದಿ ಬರುತ್ತಿತ್ತು. ಅವರೆಕಾಯಿ ಸುಲಿಯುತ್ತ ಕೂತಿದ್ದ ಅವ್ವ ಕೈ ನಿಲ್ಲಿಸಿದಳು. “ಪಾವಗಡದ ಕಡೆಯೋರಲ್ವಾ? ನಿನ್ನ ಹೆರಿಗೆ ಮಾಡಿಸ್ದೋಳೂ ಹಿಂಗೇ ಇದ್ಲು, ಸಣ್ಣಕೆ” ಅಂದಳು. ಅವಳ ಹೆಸರೇನವ್ವಾ ಎಂದೆ. ಅವ್ವ ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿದಳು. “ಎಲ್ರೂ ಸೂಲಗಿತ್ತಜ್ಜಿ ಅಂತಿದ್ವಿ. ಹೆಸ್ರು ಯಾರ್ ಕೇಳಿದ್ರು?”

ಆ ಮಾತು ನನ್ನೊಳಗೆ ಚುಚ್ಚಿಕೊಂಡು ಇವತ್ತಿಗೂ ಕೂತಿದೆ. ನನ್ನನ್ನು ಈ ಲೋಕದಲ್ಲಿ ಮೊದಲು ಮುಟ್ಟಿದವಳ ಹೆಸರು ನನಗೆ ಗೊತ್ತಿಲ್ಲ. ಒಂದನೇ ಇಯತ್ತೆಯಲ್ಲಿ ಕಿವಿ ಹಿಂಡಿದ ಮೇಷ್ಟರ ಹೆಸರು ಗೊತ್ತು, ಊರಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರನ ಹೆಸರೂ ಗೊತ್ತು.

ನರಸಮ್ಮನವರ ಹೆಸರು ಉಳಿದದ್ದು ಅಪವಾದ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಹೆಂಗಸು, ಹನ್ನೆರಡಕ್ಕೇ ಮದುವೆ, ಶಾಲೆಯ ಮುಖ ಕಂಡವರಲ್ಲ. ಅಜ್ಜಿ ಮರಿಗೆಮ್ಮ ಅವರಿಗೆ ಗುರು. ಇಪ್ಪತ್ತರ ಆಸುಪಾಸಿನಲ್ಲಿ ಬಂಧುವೊಬ್ಬರ ಹೆರಿಗೆಗೆ ಕೈಜೋಡಿಸಿದ್ದರಿಂದ ಶುರುವಾದ ಕೆಲಸ ಎಪ್ಪತ್ತು ವರ್ಷ ನಡೆಯಿತು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ನಾರುಬೇರಿನ ಔಷಧಿ ಕಲಿತರು. ಬಸುರಿಯ ಹೊಟ್ಟೆ ಮುಟ್ಟಿದರೆ ಮಗುವಿನ ತಲೆ ಯಾವ ಕಡೆಗಿದೆ ಎಂದು ಹೇಳುತ್ತಿದ್ದರು. ಕಾಸು ಮುಟ್ಟಲಿಲ್ಲ. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಗೆ, 98ರ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೋಗಿಬಿಟ್ಟರು.

ಅವರು ಮಾಡಿಸಿದ ಹೆರಿಗೆಗಳು 15 ಸಾವಿರಕ್ಕೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಭಾಗಿಸಿ ನೋಡಿದರೆ ಎಪ್ಪತ್ತು ವರ್ಷ ಬಿಡದೆ ವಾರಕ್ಕೆ ನಾಲ್ಕು. ಲೆಕ್ಕ ಬೇಕಿದ್ದದ್ದು ನಮಗೆ, ಪ್ರಶಸ್ತಿ ಪತ್ರ ಬರೆಯುವವರಿಗೆ. ನಡುರಾತ್ರಿ ಯಾರೋ ಬಾಗಿಲು ಬಡಿದು “ಅಮ್ಮಾ, ಬ್ಯಾನೆ ಸುರುವಾಗೈತೆ” ಅಂದಾಗ ಸೆರಗು ಸಿಕ್ಕಿಸಿಕೊಂಡು ಹೊರಡುವವಳು ಇದು ಎಷ್ಟನೆಯದು ಎಂದು ಎಣಿಸುತ್ತಾಳೆಯೇ?

ಸತ್ತವರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ನಮ್ಮ ಅನುಭವದಿಂದಲೇ ಶುರು ಮಾಡುತ್ತೇವೆ: ಅವರು ನನಗೆ ಹೀಗೆ ಹೇಳಿದ್ದರು, ಊಟಕ್ಕೆ ಕೂರಿಸಿದ್ದರು, ಬೈದಿದ್ದರು. ಸೂಲಗಿತ್ತಿಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಅವಳಿಂದ ಬದುಕಿದವರಿಗೆ ಅವಳ ಕೆಲಸದ ಗಳಿಗೆ ತಿಳಿಯದು. ನೆನಪಿರುವುದು ತಾಯಂದಿರಿಗೆ, ಅದೂ ನೋವಿನ ಮಬ್ಬಿನಲ್ಲಿ. ಮಕ್ಕಳದ್ದು ಬರೀ ಕೇಳಿ ತಿಳಿದ ನೆನಪು. ಸೂಲಗಿತ್ತಿಯ ಕೌಶಲಕ್ಕೆ ಕನ್ನಡದಲ್ಲೊಂದು ಒಳ್ಳೆಯ ಮಾತಿದೆ, ಕೈಗುಣ. ಅದು ಇರುವುದು ಒಬ್ಬರ ಕೈಯಲ್ಲಿ, ಅದಕ್ಕೆ ಸಾಕ್ಷಿ ಹೇಳಬೇಕಾದವರು ಮಾತ್ರ ಇನ್ನೊಬ್ಬರು. ಕೈ ಹೋದ ಮೇಲೆ ಸಾಕ್ಷಿಗಳೂ ಒಬ್ಬೊಬ್ಬರಾಗಿ ಹೋಗುತ್ತಾರೆ.

ಹಾಗೆಂದು ಆ ಕಾಲವನ್ನು ಸಿಂಗರಿಸಲು ನನಗೆ ಮನಸ್ಸಿಲ್ಲ. ನರಸಮ್ಮನವರೇ ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ತೀರಿಕೊಂಡವು. ಮಾಸು ಬೀಳದೆ, ರಕ್ತ ನಿಲ್ಲದೆ ಕಣ್ಣು ಮುಚ್ಚಿದ ಬಾಣಂತಿಯರ ಕತೆ ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಒಂದಾದರೂ ಇದೆ; ನಮ್ಮಲ್ಲಿ ಅದು ಅವ್ವನ ಅಕ್ಕನದು. ಎಂಥ ಕೈಗುಣವೂ ರಕ್ತದ ಬಾಟಲಿಗೆ ಸಾಟಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ. ನನ್ನ ಮಗಳು ಹುಟ್ಟಿದ್ದೂ ಅಲ್ಲೇ. ಬೇರೆ ಯೋಚನೆ ನನಗೆ ಬರಲೂ ಇಲ್ಲ.

ಆದರೆ ಅವಳನ್ನು ಮೊದಲು ಎತ್ತಿಕೊಂಡ ನರ್ಸ್ ಯಾರು? ಆ ಹೆಸರನ್ನೂ ನಾನು ಕೇಳಲಿಲ್ಲ. ಬಿಲ್ಲು ಕಟ್ಟಿದೆ, ಸಿಹಿ ಹಂಚಿದೆ, ಮನೆಗೆ ಬಂದೆ. ಅವ್ವನ ಕಾಲದವರಿಗೆ ಸೂಲಗಿತ್ತಜ್ಜಿಯ ಹೆಸರು ಮರೆತಿತ್ತು, ಅಷ್ಟೆ. ಹನ್ನೊಂದನೆಯ ದಿನ ಅವಳನ್ನು ಕರೆದು, ಕೂರಿಸಿ, ಸೀರೆ, ಕಣ, ಎಲೆ ಅಡಿಕೆ ಕೊಡುವುದು ಮರೆತಿರಲಿಲ್ಲ. ಆ ಮಗು ಆಡುತ್ತ ಎದುರು ಸಿಕ್ಕಾಗ “ನನ್ ಕೈಲಿ ಬಂದೋನು ನೀನು” ಎಂದು ಕೆನ್ನೆ ಹಿಂಡುವ ಹಕ್ಕೂ ಅವಳಿಗಿತ್ತು. ನನಗೂ ಹಾಗೆ ಯಾರೋ ಒಬ್ಬಳು ಅಂದಿರಬೇಕು. ಬಿಡಿಸಿಕೊಂಡು ಓಡಿರಬೇಕು ನಾನು.

ನನ್ನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ತರಗತಿಯ ಅರ್ಧ ಹುಡುಗರು ಹುಟ್ಟಿದ್ದೂ ಅವತ್ತೇ, ಮೇಷ್ಟರ ಕೃಪೆ. ನಿಜಕ್ಕೂ ನಾನು ಹುಟ್ಟಿದ್ದು ಗೌರಿ ಹಬ್ಬ ಕಳೆದ ಮೇಲೆ, ಕೋಳಿ ಕೂಗುವ ಮುಂಚೆ, ಜಿಟಿಜಿಟಿ ಮಳೆಯಲ್ಲಿ ಎಂದು ಅವ್ವ ಹೇಳುತ್ತಾಳೆ. ಆವತ್ತು ಟಿವಿ ಆರಿಸಿದ ಮೇಲೆ ಕೇಳಿದೆ: ಹಬ್ಬ ಕಳೆದು ಎಷ್ಟನೇ ದಿನವವ್ವಾ? ಯಾವ ವಾರ?

ಅವ್ವ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. “ನಂಗೆಲ್ಲಿ ಗ್ಯಾನ ಇತ್ತೋ ಆಗ. ಆವಜ್ಜಿ ಇದ್ದಿದ್ರೆ ಹೇಳ್ತಿದ್ಲು.”