ಮುಚ್ಚುವ ಮೊದಲು

ಜಾಗ ನನ್ನದು. ದುಡ್ಡು ನನ್ನದು. ಕಟ್ಟುತ್ತಿರುವ ಕೈಯೂ ನನ್ನದೇ. ಹೀಗಿರುವಾಗ ಹೇಗೆ ಕಟ್ಟಬೇಕು ಅಂತ ಹೇಳೋಕೆ ಇನ್ನೊಬ್ಬರು ಯಾರು?

ಅಮೆರಿಕದ ಮಿನೆಸೋಟಾದಲ್ಲಿರುವ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಮನೆಯ ಹಿಂಭಾಗಕ್ಕೆ ಒಂದು ಕೋಣೆ ಸೇರಿಸಬೇಕು, ಅದರ ಕೆಳಗೆ ನೆಲಮಾಳಿಗೆಯಲ್ಲಿ ಮರಗೆಲಸಕ್ಕೊಂದು ವರ್ಕ್‌ಶಾಪ್ ಮಾಡಿಕೊಳ್ಳಬೇಕು ಅನ್ನೋದು ಅವನ ಬಹುದಿನದ ಆಸೆ. ಕಂಟ್ರಾಕ್ಟರ್ ಇಲ್ಲ. ಶನಿವಾರ, ಭಾನುವಾರ ತಾನೇ ಕಟ್ಟುತ್ತಾನಂತೆ. ಅಲ್ಲಿ ಕೂಲಿ ದುಬಾರಿ, ಸಾಮಾನೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತೆ, ಹಾಗಾಗಿ ಇಂಥ ಸಾಹಸಕ್ಕೆ ಇಳಿಯುವವರು ಬಹಳ ಮಂದಿ. ಅವನಿಗೆ ಕಿರಿಕಿರಿ ಆದದ್ದು ಪರ್ಮಿಟ್ ವಿಷಯಕ್ಕೆ. "ನಮ್ಮನೆಗೆ ನಾನು ಮೊಳೆ ಹೊಡೆಯೋಕೂ ಇವರ ಅಪ್ಪಣೆ ಬೇಕೇನೋ ಮಾರಾಯ?" ಅಂದ. ತಮಾಷೆಯ ಧಾಟಿಯಲ್ಲೇ ಕೇಳಿದ, ಆದರೆ ಪ್ರಶ್ನೆ ತಮಾಷೆಯದ್ದಲ್ಲ.

ಮೊದಲು ಅವನ ಪರವಾಗಿಯೇ ಒಂದು ಮಾತು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ನಾವೆಲ್ಲ ಹೇಳ್ತೀವಿ. ಆದರೆ ನಮ್ಮಲ್ಲಿ ಎಷ್ಟು ಜನ ಮನೆ ಕಟ್ಟಿದ್ದೇವೆ? ನಾವು ಕಟ್ಟಿಸಿದ್ದೇವೆ. ಪಾಯ ತೋಡಿದವರು ಬೇರೆ, ಇಟ್ಟಿಗೆ ಹೊತ್ತವರು ಬೇರೆ, ರಸಮಟ್ಟ ಇಟ್ಟು ಗೋಡೆ ನೋಡಿದ ಮೇಸ್ತ್ರಿ ಬೇರೆ. ಗೃಹಪ್ರವೇಶದ ದಿನ ಮಾತ್ರ ಆ 'ಇಸು' ಸದ್ದಿಲ್ಲದೆ ಉದುರಿಹೋಗಿ, "ನಾವು ಮನೆ ಕಟ್ಟಿದ್ವಿ" ಅಂತಾಗುತ್ತದೆ. ಕೈ ಕೆಸರು ಮಾಡಿಕೊಳ್ಳುವ ಕೆಲಸ ಇಂಥವರದ್ದು, ಲೆಕ್ಕ ಬರೆಯುವ ಕೆಲಸ ಇಂಥವರದ್ದು ಎಂದು ಹುಟ್ಟಿಗೇ ಹಂಚಿಟ್ಟ ಸಮಾಜದಿಂದ ಹೋದ ಒಬ್ಬ ಮನುಷ್ಯ ಕರಣೆ ಹಿಡಿದು, ತನ್ನ ಗೋಡೆ ತಾನೇ ಎಬ್ಬಿಸಿ "ನಾನು ಕಟ್ಟಿದೆ" ಅನ್ನುತ್ತಾನೆ ಅಂದರೆ, ಆ ಕ್ರಿಯಾಪದವನ್ನು ಅವನು ಬೆವರು ಸುರಿಸಿ ಸಂಪಾದಿಸಿದ್ದಾನೆ. ಅದನ್ನು ಕಡಿಮೆ ಮಾಡಿ ನೋಡಬಾರದು.

ಆದರೆ 'ನಾನು ಕಟ್ಟಿದೆ' ಅನ್ನುವುದರಿಂದ 'ಇದು ನನ್ನೊಬ್ಬನ ವಿಷಯ' ಅನ್ನುವುದಕ್ಕೆ ಜಿಗಿಯಬಹುದೇ?

ಸ್ವಂತ ಕೈಯಿಂದ ಕಟ್ಟಿಕೊಂಡವರಲ್ಲಿ ಅಮೆರಿಕದವರು ಮೊದಲು ನೆನೆಯುವ ಹೆಸರು ಹೆನ್ರಿ ಡೇವಿಡ್ ಥೋರೋ. 1845ರಲ್ಲಿ ಮ್ಯಾಸಚೂಸೆಟ್ಸ್‌ನ ವಾಲ್ಡನ್ ಕೊಳದ ಬಳಿ ಅವನು ಕಟ್ಟಿಕೊಂಡ ಗುಡಿಸಲು 10 ಅಡಿ ಅಗಲ, 15 ಅಡಿ ಉದ್ದ. ಅದಕ್ಕೂ ಒಂದು ಪುಟ್ಟ ನೆಲಮಾಳಿಗೆ ಇತ್ತು: 6 ಅಡಿ ಚೌಕ, 7 ಅಡಿ ಆಳ, ಅವನೇ ತೋಡಿದ್ದು. ಒಟ್ಟು ಖರ್ಚು 28 ಡಾಲರ್ 12½ ಸೆಂಟ್ ಅಂತ ಲೆಕ್ಕ ಬರೆದಿಟ್ಟಿದ್ದಾನೆ. ಆದರೆ ಲೆಕ್ಕ ಬರೆದ ಆ ಪುಣ್ಯಾತ್ಮ ಬೇರೆಯದನ್ನೂ ಮುಚ್ಚಿಡಲಿಲ್ಲ. ಕೊಡಲಿ ಸಾಲ ತಂದದ್ದು. ಹಲಗೆಗಳು ರೈಲ್ವೆ ಕೆಲಸದ ಐರಿಷ್ ಕೂಲಿಯೊಬ್ಬನಿಂದ ಕೊಂಡ ಗುಡಿಸಲಿನವು. ಚೌಕಟ್ಟು ಎತ್ತಿ ನಿಲ್ಲಿಸಲು ಪರಿಚಯದವರು ಬಂದಿದ್ದರು. ಜಾಗ ಎಮರ್ಸನ್‌ನದು. ಸ್ವಾವಲಂಬನೆಗೆ ಉದಾಹರಣೆಯಾದ ಮನೆಯೂ ಇಷ್ಟೊಂದು ಜನರನ್ನು ಒಳಗೆ ಇಟ್ಟುಕೊಂಡಿದೆ ನೋಡಿ.

ಇನ್ನು ಮಿನೆಸೋಟಾದ ನೆಲಮಾಳಿಗೆಗೆ ಬರೋಣ. ನಮ್ಮ ಕಡೆ ಮನೆ ಕೆಳಗೆ ಮನೆ ಕಟ್ಟುವ ರೂಢಿ ಕಡಿಮೆ. ಅಲ್ಲಿ ಇರೋದಕ್ಕೆ ಕಾರಣ ಚಳಿ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತೆ, ಉಬ್ಬಿ ಪಾಯವನ್ನೇ ಎತ್ತುತ್ತೆ. ಹಾಗಾಗಿ ಹೆಪ್ಪು ಮುಟ್ಟದ ಆಳಕ್ಕೆ ಪಾಯ ಹೋಗಬೇಕು. ಮಿನೆಸೋಟಾದ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು. ಹೇಗೂ ಅಷ್ಟು ತೋಡಬೇಕು, ಇನ್ನಷ್ಟು ತೋಡಿದರೆ ಒಂದು ಕೋಣೆಯೇ ಸಿಗುತ್ತಲ್ಲ ಅನ್ನೋದು ಲೆಕ್ಕಾಚಾರ.

ತೋಡೋಕೆ ಮೊದಲು 811ಕ್ಕೆ ಫೋನ್ ಮಾಡಬೇಕು. ಅವರು ಬಂದು ನೆಲದಡಿ ಗ್ಯಾಸ್ ಪೈಪು, ಕರೆಂಟಿನ ತಂತಿ ಎಲ್ಲಿ ಹೋಗಿವೆ ಅಂತ ಬಣ್ಣದಲ್ಲಿ ಗುರುತು ಹಾಕುತ್ತಾರೆ. 'ನನ್ನ ಜಾಗ' ಅನ್ನುವ ಮಾತು ಮೊದಲ ಗುದ್ದಲಿ ಏಟಿಗೆ ಮುಂಚೆಯೇ ಸ್ವಲ್ಪ ಅಲುಗಾಡುವುದು ಇಲ್ಲಿ. ಆಮೇಲೆ ಹಳೆ ಮನೆಯ ಪಾಯದ ಪಕ್ಕದಲ್ಲಿ ಅದಕ್ಕಿಂತ ಆಳಕ್ಕೆ ಅಗೆದರೆ, ಹಳೆ ಪಾಯ ಕೂತಿರುವ ಮಣ್ಣೇ ಜಾರುವ ಅಪಾಯ. ಹೊಸ ಗೋಡೆ ಎದ್ದ ಮೇಲೆ, ಮೇಲಿನ ಮಹಡಿಯ ಹಾಸು ಬಂದು ಗೋಡೆಗೆ ಆಸರೆ ಆಗುವ ಮೊದಲೇ ಹೊರಗಡೆ ಮಣ್ಣು ತುಂಬಿದರೆ, ಆ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬಾಗಬಹುದು. ಪಾಯದ ಸುತ್ತ ತೂತಿನ ಪೈಪು ಇಟ್ಟು, ಜಲ್ಲಿ ಹಾಕಿ ನೀರಿಗೆ ದಾರಿ ಮಾಡಬೇಕು.

ಇವೆಲ್ಲದರ ಒಂದು ಸಮಾನ ಗುಣ ಗಮನಿಸಿ. ಕೆಲಸ ಮುಗಿದ ಮೇಲೆ ಇದ್ಯಾವುದೂ ಕಣ್ಣಿಗೆ ಕಾಣೋದಿಲ್ಲ. ಕಂಬಿಯನ್ನು ಕಾಂಕ್ರೀಟು ಮುಚ್ಚುತ್ತೆ, ಪೈಪನ್ನು ಮಣ್ಣು ಮುಚ್ಚುತ್ತೆ, ತಂತಿಯನ್ನು ಗೋಡೆಯ ಹಲಗೆ ಮುಚ್ಚುತ್ತೆ. ಆ ಕಾರಣಕ್ಕೇ ಅಲ್ಲಿ ಇನ್‌ಸ್ಪೆಕ್ಟರ್ ಬರುವುದು ಮುಚ್ಚುವ ಮೊದಲು. ಕಾಂಕ್ರೀಟು ಸುರಿಯುವ ಮೊದಲು ಒಮ್ಮೆ, ಗೋಡೆಯ ಒಳಭಾಗ ಮುಚ್ಚುವ ಮೊದಲು ಮತ್ತೊಮ್ಮೆ. ಮನೆಯ ಅಂದಚಂದ ಅವರ ವಿಷಯವಲ್ಲ. ಇನ್ನು ಯಾರೂ ನೋಡಲಾಗದ್ದನ್ನು ಎಲ್ಲರ ಪರವಾಗಿ ಒಂದು ಸಲ ನೋಡಿಹೋಗುವುದಷ್ಟೇ ಅವರ ಕೆಲಸ.

"ಸರಿ, ಕುಸಿದರೆ ನನ್ನ ತಲೆ ಮೇಲೆ ತಾನೇ?" ಅನ್ನಬಹುದು. ಇದು ಗಟ್ಟಿ ವಾದ. ಸುಮಾರು 3,700 ವರ್ಷದ ಹಿಂದೆ ಬ್ಯಾಬಿಲೋನಿನ ಹಮ್ಮುರಬಿಯ ಕಟ್ಟಳೆಯಲ್ಲಿ, ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದಿದೆ. ಅಲ್ಲಿ ಕಟ್ಟುವವನು ಬೇರೆ, ವಾಸಿಸುವವನು ಬೇರೆ. ಇಬ್ಬರೂ ಒಬ್ಬನೇ ಆದರೆ? ಮೋಸ ಮಾಡುವವನೂ ನಾನೇ, ಮೋಸ ಹೋಗುವವನೂ ನಾನೇ ಆದಾಗ ತಪ್ಪೆಲ್ಲಿ?

ತಪ್ಪು ಎಲ್ಲಿದೆ ಅಂದರೆ, ಆ ಇಬ್ಬರು ಬಹಳ ದಿನ ಒಬ್ಬರಾಗಿ ಉಳಿಯೋದಿಲ್ಲ. ಮನೆ ಮನುಷ್ಯನಿಗಿಂತ ಹೆಚ್ಚು ಬಾಳುತ್ತೆ. ನಾಳೆ ಮಾರುತ್ತೇವೆ, ಇಲ್ಲವೇ ಬಾಡಿಗೆಗೆ ಕೊಡುತ್ತೇವೆ, ಇಲ್ಲವೇ ಸಾಯುತ್ತೇವೆ. ಆ ನೆಲಮಾಳಿಗೆಯಲ್ಲಿ ಮುಂದೆ ಒಂದು ಮಗು ಮಲಗಬಹುದು. ಅಲ್ಲಿನ ವಸತಿ ಕಟ್ಟಡ ಸಂಹಿತೆಯ ಒಂದು ನಿಯಮ ನನಗೆ ಬಹಳ ಹಿಡಿಸಿತು. ನೆಲಮಾಳಿಗೆಯಲ್ಲಿ ತಪ್ಪಿಸಿಕೊಳ್ಳಲು ಒಂದು ಕಿಟಕಿ ಇರಬೇಕು, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು, ತೆರೆದ ಜಾಗ ನಿಗದಿತ ಅಳತೆಗಿಂತ ಕಡಿಮೆ ಇರಬಾರದು. ಒಳಗಿರುವವರು ಹತ್ತಿ ಹೊರಬರೋಕೆ ಮಾತ್ರ ಅಲ್ಲ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವನು ಒಳಗೆ ನುಗ್ಗೋಕೂ ಅದೇ ದಾರಿ. ಮರದ ಹೊಟ್ಟು, ಥಿನ್ನರ್ ಆವಿ, ಪಕ್ಕದಲ್ಲೇ ಉರಿಯುವ ಗ್ಯಾಸ್ ಗೀಸರ್ ಎಲ್ಲ ಒಟ್ಟಿಗಿರುವ ವರ್ಕ್‌ಶಾಪಿಗೆ ಬೆಂಕಿ ಬಿದ್ದ ದಿನ, "ಇದು ಅವನ ಸ್ವಂತ ವಿಷಯ" ಅಂತ ಆ ಮನುಷ್ಯ ಹೊರಗೆ ನಿಲ್ಲುತ್ತಾನಾ? ನಿಲ್ಲೋದಿಲ್ಲ. ನಾವು ಬಿಟ್ಟ ಐದಾರು ಇಂಚಿನ ಸೋಮಾರಿತನದೊಳಗೆ ಅವನು ತನ್ನ ಭುಜ ತೂರಿಸಬೇಕಾಗುತ್ತದೆ.

ದೂರದ ಮಾತು ಅನ್ನಿಸಿದರೆ ದೆಹಲಿ ನೆನಪು ಮಾಡಿಕೊಳ್ಳಿ. 2024ರ ಜುಲೈ 27ರಂದು ಹಳೆ ರಾಜೇಂದ್ರ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಐಎಎಸ್ ಪರೀಕ್ಷೆಗೆ ಓದುತ್ತಿದ್ದ 3 ಜನ ಸತ್ತರು. ಆ ಜಾಗಕ್ಕೆ ಅನುಮತಿ ಇದ್ದದ್ದು ವಾಹನ, ಸಾಮಾನು ಇಡಲು, ನಡೆಯುತ್ತಿದ್ದದ್ದು ಲೈಬ್ರರಿ. ಓದಲು ಕೂತವರು ನಕ್ಷೆ ನೋಡಿ ಕೂತಿರಲಿಲ್ಲ. ಯಾರೂ ನೋಡಲ್ಲ. ಮೆಟ್ಟಿಲು ಇಳಿಯುವಾಗ ನಾವೆಲ್ಲ ಕಟ್ಟಿದವರನ್ನು ನಂಬಿಯೇ ಇಳಿಯುತ್ತೇವೆ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತೆ, ಬರಬೇಕು. ಕಚೇರಿಯ ಕಾಗದಕ್ಕೂ ಗಟ್ಟಿ ಗೋಡೆಗೂ ಏನ್ರೀ ಸಂಬಂಧ? ಲಂಚಕ್ಕೆ ನಕ್ಷೆ ಪಾಸಾಗುವ ದೇಶ ನಮ್ಮದು. 'ಅಕ್ರಮ ಸಕ್ರಮ' ಅನ್ನುವ ಯೋಜನೆ ನಮ್ಮ ಕರ್ನಾಟಕದ್ದೇ ತಾನೇ? ಒಪ್ಪಿದೆ. ದಂಡ ಕಟ್ಟಿದರೆ ಕಾಗದ ಸಕ್ರಮ ಆಗುತ್ತೆ, ಕಂಬ ಆಗೋದಿಲ್ಲ. ಪರ್ಮಿಟ್ ಇದ್ದೂ ಸುಳ್ಳು ಕಟ್ಟಬಹುದು, ಇಲ್ಲದೆಯೂ ನಿಜ ಕಟ್ಟಬಹುದು.

ಆದರೆ ಕಚೇರಿ ಹುಟ್ಟುವ ಮೊದಲೂ ನಿಯಮ ಇತ್ತು. ನಮ್ಮ ಹಳ್ಳಿಗಳ ಹಗೇವು ಗೊತ್ತಲ್ಲ, ರಾಗಿ, ಜೋಳ ತುಂಬಿಡುವ ನೆಲದೊಳಗಿನ ಕಣಜ? ಅದರ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಯಾವ ಸರ್ಕಾರವೂ ಬರೆದ ಕಾನೂನಲ್ಲ ಅದು. ಹಿಂದೆ ಯಾರೋ ಇಳಿದು ಮೇಲೆ ಬರದೇ ಹೋದದ್ದರಿಂದ ಉಳಿದವರು ಕಲಿತದ್ದು. 44 ಇಂಚಿನ ನಿಯಮವೂ ಅದೇ ಜಾತಿಯದ್ದು. ನಮಗಿಂತ ಮುಂಚೆ ಬಾಳಿದವರು ಇಳಿಸಿಟ್ಟ ದೀಪ. ಕಚೇರಿಯವರು ಕೈ ಚಾಚಿದರು ಅಂತ ದೀಪವನ್ನೇ ಆರಿಸಿಕೊಳ್ಳೋದು ಜಾಣತನವಲ್ಲ.

ಹಾಗಾದರೆ ಸ್ವಂತ ಕೈಯಿಂದ ಕಟ್ಟುವವನ ಹೊಣೆ ಕಡಿಮೆಯಲ್ಲ, ಹೆಚ್ಚು ಅನ್ನಿಸುತ್ತೆ ನನಗೆ. ಕಟ್ಟಿಸಿದವನು "ಮೇಸ್ತ್ರಿ ಮೋಸ ಮಾಡಿದ" ಅನ್ನಬಹುದು. ಕಟ್ಟಿದವನಿಗೆ ಆ ನೆಪ ಇಲ್ಲ. ಗೋಡೆಯ ಒಳಗೆ ಏನಿದೆ ಅಂತ ಜಗತ್ತಿನಲ್ಲಿ ಗೊತ್ತಿರೋದು ಅವನೊಬ್ಬನಿಗೇ. ಹೀಗೆ ಒಬ್ಬನಿಗೇ ಗೊತ್ತಿರುವ ಸಂಗತಿ ಆಸ್ತಿಯಲ್ಲ, ಸಾಲ.

ಈ ಸಾಲ ತೀರಿಸಲು ಸಂತನಾಗಬೇಕಿಲ್ಲ. ಮುಚ್ಚುವ ಮೊದಲು ಪ್ರತಿ ಗೋಡೆಯದ್ದೂ ಒಂದೊಂದು ಫೋಟೋ ತೆಗೆದಿಟ್ಟರೆ ಆಯ್ತು. ಪೈಪು ಎಲ್ಲಿ, ತಂತಿ ಎಲ್ಲಿ, ಎಷ್ಟು ಆಳ ಅಂತ ಒಂದು ಹಾಳೆಯಲ್ಲಿ ಬರೆದು ಮನೆಪತ್ರದ ಜೊತೆ ಇಟ್ಟರೆ ಆಯ್ತು. ಮುಂದೆಂದೋ ಇಲ್ಲಿ ಮೊಳೆ ಹೊಡೆಯಲು ಬರುವವನ ಹೆಸರು ನಮಗೆ ಗೊತ್ತಿಲ್ಲ, ಅವನಿಗೆ ನಮ್ಮದು ಗೊತ್ತಿಲ್ಲ. ಆ ಹಾಳೆ ಸಿಕ್ಕರೆ ಅವನ ಮೊಳೆ ತಂತಿಗೆ ತಾಗೋದಿಲ್ಲ. ಅಷ್ಟು ಸಾಕು.