ಬಿಡುವಿಲ್ಲದವರ ಸಂತೋಷ

‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುವ ಕಾಲ ಹೋಯಿತು. ಈಗ ‘ತುಂಬಾ ಬಿಜಿ’ ಎನ್ನುತ್ತೇವೆ. ಹಾಗೆನ್ನುವಾಗ ದನಿಯಲ್ಲಿ ಅರ್ಧ ದೂರು, ಅರ್ಧ ಹೆಮ್ಮೆ. ನನಗೆ ಬಿಡುವಿದೆ ಎಂದು ಹೇಳಿಕೊಂಡರೆ ಯಾರಿಗೂ ಬೇಡವಾದವನೆಂದು ಒಪ್ಪಿಕೊಂಡಂತಾದೀತು ಎಂಬ ಅಳುಕು. ಹೀಗಾಗಿ ಕೆಲಸ ಹೊಟ್ಟೆಪಾಡಿನ ದಾರಿ ಮಾತ್ರವಾಗಿ ಉಳಿದಿಲ್ಲ; ನಾವು ಬದುಕಲು ಯೋಗ್ಯರು ಎಂಬುದಕ್ಕೆ ದಿನದಿನವೂ ಒದಗಿಸಬೇಕಾದ ಪುರಾವೆಯಾಗಿದೆ.

ಪಿಎಚ್.ಡಿ. ಮಾಡುತ್ತಿರುವ ನನ್ನ ದಿನಗಳೂ ಇದಕ್ಕೆ ಹೊರತಲ್ಲ. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಸೆಮಿನಾರಿಗೆ ಪ್ರಬಂಧ, ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟ ಅಧ್ಯಾಯ, ಮುಗಿಯುತ್ತ ಬಂದ ಫೆಲೋಶಿಪ್ಪಿನ ಅವಧಿ. ಇದರ ನಡುವೆ ಭಾನುವಾರ ಬೆಳಿಗ್ಗೆ ಚರ್ಚಿನ ಆರಾಧನೆ, ಅದು ಮುಗಿದ ಮೇಲೆ ಮಕ್ಕಳಿಗೆ ಸಂಡೇ ಸ್ಕೂಲ್. ಜೊತೆಯ ಗೆಳೆಯನೊಬ್ಬ ಒಮ್ಮೆ ಕೇಳಿದ: “ಇಷ್ಟರ ಮಧ್ಯೆ ಅದೂ ಯಾಕೋ ಮಾರಾಯ? ವಾರಕ್ಕೆ ಅರ್ಧ ದಿನ ಉಳಿಯುತ್ತಿತ್ತಲ್ಲ?” ಪ್ರಶ್ನೆ ಸರಿಯಾದದ್ದೇ. ದೇವರ ನಂಬಿಕೆ ವೇಳಾಪಟ್ಟಿಯ ಇನ್ನೊಂದು ಸಾಲಾಗಿದ್ದರೆ ಅದನ್ನು ಮೊದಲು ಹೊಡೆದುಹಾಕುವುದೇ ಜಾಣತನ. ಅದು ಸಾಲಲ್ಲ, ಉಳಿದ ಸಾಲುಗಳನ್ನು ತೂಗುವ ತಕ್ಕಡಿ ಎಂದು ನನಗೆ ತೋರುತ್ತದೆ. ಯಾಕೆ ಎಂಬುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಲೂಕನ ಸುವಾರ್ತೆಯಲ್ಲಿ ಮಾರ್ಥ, ಮರಿಯ ಎಂಬ ಅಕ್ಕತಂಗಿಯರ ಪ್ರಸಂಗವಿದೆ. ಯೇಸು ಮನೆಗೆ ಬಂದಾಗ ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಮಾರ್ಥಳಿಗೆ ಉಪಚಾರದ ಗಡಿಬಿಡಿ. ತಂಗಿ ಕೈಗೂಡಿಸುತ್ತಿಲ್ಲವೆಂದು ಅವಳು ದೂರಿದಾಗ ಯೇಸು ಮರಿಯಳ ಪರ ನಿಲ್ಲುತ್ತಾನೆ. ಇದನ್ನು ಓದಿ, ಧ್ಯಾನ ಮೇಲು, ದುಡಿಮೆ ಕೀಳು ಎಂದು ಬೋಧಿಸುವವರಿದ್ದಾರೆ. ಆದರೆ ಯೇಸು ಒಲೆ ಆರಿಸು ಎಂದು ಮಾರ್ಥಳಿಗೆ ಹೇಳುವುದಿಲ್ಲ. ಹತ್ತೆಂಟು ಸಂಗತಿಗಳ ಚಿಂತೆಯಲ್ಲಿ ಅವಳ ಮನಸ್ಸು ಚೂರಾಗಿರುವುದನ್ನು ತೋರಿಸಿಕೊಡುತ್ತಾನೆ. ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಬೇಥಾನ್ಯದ ಊಟದ ಹೊತ್ತಿಗೆ ಮಾರ್ಥ ಮತ್ತೆ ಉಪಚಾರ ಮಾಡುತ್ತಿದ್ದಾಳೆ. ಅಲ್ಲಿ ಅವಳನ್ನು ಯಾರೂ ತಿದ್ದುವುದಿಲ್ಲ. ಬೇಸರ ಇದ್ದದ್ದು ಕೆಲಸದ ಬಗ್ಗೆ ಅಲ್ಲ, ಕೆಲಸ ಮನಸ್ಸನ್ನು ನುಂಗಿದ ಬಗ್ಗೆ.

ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲ್ ಸಭೆಯ ಸಹೋದರರಿದ್ದರು. ಪಾದ್ರಿಯಾಗುವಷ್ಟು ಓದಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಹಲವು ವರ್ಷ ದುಡಿದರು, ಆಮೇಲೆ ಚಪ್ಪಲಿ ಹೊಲಿದರು. ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನೆಯ ಹೊತ್ತಿನಷ್ಟೇ ದೇವರ ಸಾನ್ನಿಧ್ಯದಲ್ಲಿರಬಹುದು ಎಂಬುದು ಅವರ ಅನುಭವ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತುಗಳನ್ನೂ ಪತ್ರಗಳನ್ನೂ ಬೇರೆಯವರು ಪುಸ್ತಕವಾಗಿ ತಂದರು. ಅವರು ಹೊಸ ವೇಳೆ ಹುಡುಕಲಿಲ್ಲ, ಇದ್ದ ವೇಳೆಯನ್ನೇ ಬೇರೆ ಮನಸ್ಸಿನಿಂದ ತುಂಬಿದರು.

ಕನ್ನಡದವರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ನೆಲಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು. ಮಿಷನರಿಗಳ ವಿದ್ವತ್ತಿನ ಹಿಂದೆ ಮತಪ್ರಸಾರದ ಉದ್ದೇಶವಿತ್ತು ಎಂಬುದು ನಿಜ, ಅದರ ಬಗ್ಗೆ ಚರ್ಚೆ ನಡೆಯಲೇಬೇಕು. ಆದರೆ ಇಂದು ಹಳಗನ್ನಡದ ಪದವೊಂದರ ಜಾಡು ಹಿಡಿದು ಆ ನಿಘಂಟು ತೆರೆಯುವವರು ಯಾವ ಮತದವರೂ ಆಗಿರಬಹುದು. ಸುವಾರ್ತೆ ಸಾರಲು ಬಂದವರು ಒಂದು ನುಡಿಯ ಸೇವಕರಾಗಿ ಉಳಿದರು. ಕೆಲಸದ ಉದ್ದೇಶ ಪೂರ್ತಿಯಾಗಿ ಮಾಡುವವನ ಕೈಯಲ್ಲಿರುವುದಿಲ್ಲ; ಅವನ ಕೈಯಲ್ಲಿರುವುದು ಇವತ್ತಿನ ಪದವನ್ನು ಪ್ರಾಮಾಣಿಕವಾಗಿ ಬರೆದಿಡುವುದಷ್ಟೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ‘ದೇವರಿಗಾಗಿ ಸಂತೋಷದಿಂದ ದುಡಿ’ ಎಂಬ ಮಾತು ದುಡಿಸಿಕೊಳ್ಳುವವರಿಗೆ ಎಷ್ಟು ಅನುಕೂಲ! ಕಡಿಮೆ ಸಂಬಳ, ಹೆಚ್ಚು ಹೊತ್ತು, ಬಾಯಿ ಮುಚ್ಚಿಸಲು ಭಕ್ತಿ. ಚರಿತ್ರೆಯಲ್ಲಿ ಹಾಗೆ ಆಗಿದೆ ಕೂಡ. ಇದಕ್ಕೆ ಬೈಬಲ್ಲಿನೊಳಗೇ ಉತ್ತರವಿದೆ: ಸಬ್ಬತ್. ವಾರದ ಏಳನೆಯ ದಿನದ ಬಿಡುವು ಅಲ್ಲಿ ಸಲಹೆಯಲ್ಲ, ಆಜ್ಞೆ. ಯಜಮಾನನಿಗೆ ಮಾತ್ರವಲ್ಲ, ಆಳುಮಕ್ಕಳಿಗೆ, ಪರದೇಶದವನಿಗೆ, ಎತ್ತು ಕತ್ತೆಗಳಿಗೂ ಅದು ಸಲ್ಲಬೇಕು. ಧರ್ಮೋಪದೇಶಕಾಂಡ ಕೊಡುವ ಕಾರಣ ಇನ್ನೂ ಗಮನಾರ್ಹ: ನೀವು ಐಗುಪ್ತದಲ್ಲಿ ದಾಸರಾಗಿದ್ದುದನ್ನು ನೆನಪಿಡಿ ಎನ್ನುತ್ತದೆ ಅದು. ಬಿಡುವಿಲ್ಲದೆ ದುಡಿಯುವುದು ದಾಸನ ಸ್ಥಿತಿ, ನಿಲ್ಲಿಸಬಲ್ಲವನೇ ಸ್ವತಂತ್ರ. ಹಾಗಾಗಿ ನನ್ನ ಸಂತೋಷ ಇನ್ನೊಬ್ಬರ ಬಿಡುವನ್ನು ತಿಂದು ಬೆಳೆಯುವುದಾದರೆ ಅದು ಈ ನಂಬಿಕೆಯ ಸಂತೋಷವಲ್ಲ. ನಾನು ಆರಾಧನೆಗೆ ಹೋದ ಹೊತ್ತಿನಲ್ಲಿ ಮನೆಯ ಅಡುಗೆಯೆಲ್ಲ ಅಮ್ಮನೊಬ್ಬಳ ತಲೆಯ ಮೇಲೆ ಬೀಳುತ್ತದೆಯೇ ಎಂಬುದೂ ಧರ್ಮದ ಪ್ರಶ್ನೆಯೇ.

ಕನ್ನಡ ಓದುಗರಿಗೆ ಇಲ್ಲಿ ಹನ್ನೆರಡನೆಯ ಶತಮಾನದ ಶರಣರ ಕಾಯಕ ನೆನಪಾಗದೆ ಇರದು. ಅಲ್ಲೂ ಕಾಯಕದ ಬೆನ್ನಿಗೆ ದಾಸೋಹವಿದೆ. ದುಡಿಮೆಯ ಫಲ ತನ್ನೊಬ್ಬನ ಪಾಲಿಗಲ್ಲ. ನನಗೆ ದುಡಿಮೆಯ ಘನತೆ ಅರ್ಥವಾದದ್ದು ಸುವಾರ್ತೆಯಿಂದ ಎಷ್ಟೋ, ವಚನಗಳ ಪಾಠದಿಂದಲೂ ಅಷ್ಟೇ. ಕ್ರೈಸ್ತ ವಿಚಾರದಲ್ಲಿ ನನಗೆ ಬೇರೆಯಾಗಿ ದೊರೆತದ್ದು ಕೃಪೆ ಎಂಬ ಮಾತು. ಆದಿಕಾಂಡದ ಮೊದಲ ಕಥೆಯಲ್ಲಿ ಮನುಷ್ಯ ಹುಟ್ಟುವುದು ಆರನೆಯ ದಿನ. ಅಂದರೆ ಅವನು ಕಂಡ ಮೊದಲ ಪೂರ್ಣ ದಿನ ವಿಶ್ರಾಂತಿಯದ್ದು. ಇನ್ನೂ ಒಂದು ಗುದ್ದಲಿ ಮಣ್ಣು ಅಗೆಯುವ ಮುಂಚೆಯೇ ಅವನು ದೇವರಿಗೆ ಬೇಕಾದವನು. ದುಡಿದು ದಣಿದು ವಿಶ್ರಾಂತಿಯನ್ನು ಗಳಿಸಬೇಕು ಎಂಬುದು ಲೋಕದ ಲೆಕ್ಕ. ವಿಶ್ರಾಂತಿಯಿಂದ ಎದ್ದು ದುಡಿಮೆಗೆ ಹೋಗುವುದು ಇಲ್ಲಿಯ ಕ್ರಮ.

ಈ ಒಂದು ತಿರುವಿನಿಂದ ನನ್ನ ವೇಳಾಪಟ್ಟಿ ಹಗುರಾಗಿಲ್ಲ. ಮಹಾಪ್ರಬಂಧದ ಗಡುವು ಅಲ್ಲೇ ಇದೆ, ಮುಂದೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ದಿಗಿಲೂ ಇದೆ. ಆದರೆ ಅಧ್ಯಾಯ ಚೆನ್ನಾಗಿ ಬಂದರೆ ಮಾತ್ರ ನಾನು ಯೋಗ್ಯ ಎಂಬ ಷರತ್ತು ಸಡಿಲವಾದಾಗ, ಅಧ್ಯಾಯವನ್ನು ಅದರ ವಿಷಯಕ್ಕಾಗಿಯೇ ಪ್ರೀತಿಸುವುದು ಸಾಧ್ಯವಾಗುತ್ತದೆ. ಅಡಿಟಿಪ್ಪಣಿ ತಿದ್ದುವಾಗಿನ ಸಣ್ಣ ಖುಷಿಯನ್ನು ನಾನು ಸಂತೋಷವೆಂದು ಕರೆಯುವುದು ಈ ಅರ್ಥದಲ್ಲಿ. ದೇವರನ್ನು ನಂಬದ ಗೆಳೆಯರೂ ಇಂಥ ಬಿಡುಗಡೆಯನ್ನು ಬೇರೆ ದಾರಿಗಳಿಂದ ಕಂಡುಕೊಂಡಿರಬಹುದು. ಅವರ ದಾರಿಯ ಬಗ್ಗೆ ನನಗೆ ತಕರಾರಿಲ್ಲ. ದಾರಿ ಯಾವುದೇ ಇರಲಿ, ನಮ್ಮ ಬೆಲೆ ನಮ್ಮ ಕೆಲಸಕ್ಕಿಂತ ಮೊದಲೇ ತೀರ್ಮಾನವಾಗಿದೆ ಎಂದು ನಂಬಲು ಒಂದು ಆಧಾರ ಬೇಕು. ಅದಿಲ್ಲದಿದ್ದರೆ ರಜೆ ಸಿಕ್ಕ ದಿನವೂ ನಮಗೆ ಬಿಡುವಿರುವುದಿಲ್ಲ.